ಎರಡು ವೂಫರ್, ಒಂದು ಆಂಪ್ಲಿ

‘ಹನ್ನೆರಡು ಇಂಚಿಂದು ಒಂದೈತೆ. ಫ್ರೆಂಡು ಕಾರು ಮಾರ್ದಾಗ ಹತ್ತು ಇಂಚಿಂದು ಬಿಚ್ಚಿ ಕೊಟ್ಟವ್ನೆ. ಎರಡನ್ನೂ ಒಂದೇ ಆಂಪ್ಲಿಗೆ ಕೊಡಬೌದಾ ಅಣ್ಣ?’

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಕಾರಿಗೆ ಸೌಂಡ್ ಸಿಸ್ಟಂ ಕೂರಿಸುವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಕಿವಿಗೆ ಬೀಳುತ್ತದೆ. ಬಹುತೇಕ ಕಡೆ ಸಿಗುವ ಉತ್ತರವೂ ಒಂದೇ: ‘ಕೊಡಬೌದು, ತಗೊಂಬಾ.’ ಎಷ್ಟು ಓಮ್ ಎಂದು ಯಾರೂ ಕೇಳುವುದಿಲ್ಲ. ಕಾಯಿಲ್ ಒಂದೋ ಎರಡೋ ಎಂದು ತಿರುಗಿಸಿ ನೋಡುವುದಿಲ್ಲ. ಸಂಜೆ ಹೊತ್ತಿಗೆ ಕನ್ನಡಿ ನಡುಗುವ ಹಾಗೆ ಬೇಸ್ ಬರುತ್ತದೆ, ಹುಡುಗ ಖುಷಿಯಿಂದ ಮನೆಗೆ ಹೋಗುತ್ತಾನೆ. ವಾರ ಕಳೆಯುವಷ್ಟರಲ್ಲಿ ಆಂಪ್ಲಿಯ ಹಸಿರು ದೀಪ ಕೆಂಪಾಗಿರುತ್ತದೆ, ಇಲ್ಲವೇ ಡಿಕ್ಕಿಯಿಂದ ಸುಟ್ಟ ವಾರ್ನಿಶ್ ವಾಸನೆ ಬರುತ್ತಿರುತ್ತದೆ.

ಹೊಂದದ ಎರಡು ವೂಫರ್‌ಗಳನ್ನು ಒಂದು ಆಂಪ್ಲಿಗೆ ಕಟ್ಟಬಹುದೇ ಎಂಬುದಕ್ಕೆ ನಿಜವಾದ ಉತ್ತರ ‘ಹೌದು’ ಅಲ್ಲ, ‘ಇಲ್ಲ’ವೂ ಅಲ್ಲ. ಅದೇ ಎರಡು ವೂಫರ್, ಅದೇ ಆಂಪ್ಲಿ ಇಟ್ಟುಕೊಂಡು ಒಂದು ರೀತಿಯಲ್ಲಿ ಕಟ್ಟಿದರೆ ವರ್ಷಗಟ್ಟಲೆ ಹಾಡುತ್ತವೆ. ಇನ್ನೊಂದು ರೀತಿಯಲ್ಲಿ ಕಟ್ಟಿದರೆ ಒಂದೇ ಸಂಜೆಗೆ ಮುಗಿಯುತ್ತವೆ. ವ್ಯತ್ಯಾಸ ಇರುವುದು ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮದಲ್ಲಿ. ಒಂದು ಮಲ್ಟಿಮೀಟರ್, ಒಂದು ಹಾಳೆ, ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷ ಕೊಡದೆ ಹಾಳಾಗುವ ಸಾಮಾನು ಹುಡುಗರು ಓವರ್‌ಟೈಮ್ ದುಡಿದು, ಚೀಟಿ ಎತ್ತಿ ಕೊಂಡದ್ದು. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯಬೇಕೆನಿಸಿತು.

ಈ ಸೀಮೆಗೂ ಕಾರಿನ ಸಂಗೀತಕ್ಕೂ ನಂಟು ಗಟ್ಟಿಯಾದದ್ದು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು, 2005ರಲ್ಲಿ ಇನ್ನೋವಾ ಬಂತು. ಈ ಗಾಡಿಗಳನ್ನು ನಂಬಿ ಎಷ್ಟೋ ಮನೆಗಳ ಹುಡುಗರು ಟ್ಯಾಕ್ಸಿಗೆ ಇಳಿದರು. ದಿನದ ಹನ್ನೆರಡು ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಂದೆ ಕಳೆಯುವವನಿಗೆ ಕಾರೇ ಮನೆ, ಅದರ ಹಾಡೇ ಜೊತೆಗಾರ. ಬೆಂಗಳೂರಿನ ಜೆ.ಸಿ. ರಸ್ತೆ ಒಂದು ಗಂಟೆಯ ದಾರಿ. ಅಲ್ಲಿಂದ ಹೊಸದೂ ಬರುತ್ತದೆ, ಯಾರದೋ ಕಾರಿನಿಂದ ಬಿಚ್ಚಿದ್ದೂ ಬರುತ್ತದೆ. ಜೋಡಿ ತಪ್ಪಿದ ವೂಫರ್‌ಗಳು ಹುಟ್ಟುವುದೇ ಹೀಗೆ.

ಬೇಸಿನ ಮೋಹವನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. ಊರಹಬ್ಬದಲ್ಲಿ ಪೂಜಾ ಕುಣಿತಕ್ಕೆ, ಪಟದ ಕುಣಿತಕ್ಕೆ ತಮಟೆ ಬಡಿಯುವಾಗ ಎದೆಯಲ್ಲಿ ಏಳುವ ಕಂಪನವನ್ನು ಮಕ್ಕಳಾಗಿದ್ದಾಗಲೇ ಉಂಡು ಬೆಳೆದ ಜನ ನಾವು. ಡೊಳ್ಳಿನ ಸದ್ದನ್ನು ಕಿವಿಗಿಂತ ಮೊದಲು ಹೊಟ್ಟೆ ಕೇಳುತ್ತದೆ. ಇದೇ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ 1975ರಲ್ಲಿ 70 ಎಂಎಂ ಪರದೆ, ಸ್ಟೀರಿಯೊಫೋನಿಕ್ ಧ್ವನಿಯೊಂದಿಗೆ ತೆರೆಕಂಡಾಗ ಜನ ಚಿತ್ರಮಂದಿರಕ್ಕೆ ಹೋದದ್ದು ನೋಡಲು ಮಾತ್ರವಲ್ಲ, ಕೇಳಲೂ ಹೌದು. ಒಳ್ಳೆಯ ಬೇಸ್ ಬೇಕೆನ್ನುವುದು ನ್ಯಾಯವಾದ ಆಸೆ. ಅದು ಸುಡದಂತೆ ಬರಬೇಕು, ಅಷ್ಟೇ.

ಆಂಪ್ಲಿಗೆ ಕಾಣುವುದು ಓಮ್ ಮಾತ್ರ

ವೂಫರ್ ಹತ್ತು ಇಂಚಿನದೋ ಹನ್ನೆರಡು ಇಂಚಿನದೋ ಎಂಬುದು ಆಂಪ್ಲಿಗೆ ಗೊತ್ತಿಲ್ಲ. ಯಾವ ಕಂಪನಿಯದು ಎಂಬುದೂ ಗೊತ್ತಿಲ್ಲ. ಅದಕ್ಕೆ ಕಾಣುವುದು ತನ್ನ ಎರಡು ಟರ್ಮಿನಲ್‌ಗಳ ನಡುವೆ ಎಷ್ಟು ಓಮ್ ತಡೆ ಇದೆ ಎಂಬುದಷ್ಟೆ. ತಡೆ ಕಡಿಮೆಯಾದಂತೆ ಹರಿಯುವ ಕರೆಂಟ್ ಹೆಚ್ಚು. ಪ್ರತಿ ಆಂಪ್ಲಿಗೂ ಒಂದು ಕನಿಷ್ಠ ಮಿತಿ ಇರುತ್ತದೆ: ಕೆಲವಕ್ಕೆ 4 ಓಮ್, ಕೆಲವಕ್ಕೆ 2, ಒಂದೇ ಚಾನೆಲ್‌ನ ಕೆಲವು ಮಾನೋ ಆಂಪ್ಲಿಗಳಿಗೆ 1. ಅದಕ್ಕಿಂತ ಕೆಳಗೆ ಇಳಿಸಿದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ತಾಳುವುದಕ್ಕಿಂತ ಹೆಚ್ಚು ಕರೆಂಟ್ ಹೊರಬೇಕಾಗುತ್ತದೆ. ಒಳ್ಳೆಯ ಆಂಪ್ಲಿಯಾದರೆ ‘ಪ್ರೊಟೆಕ್ಟ್‌ಗೆ ಹೋಯ್ತು’ ಅನ್ನುತ್ತಾರಲ್ಲ, ಹಾಗೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅಗ್ಗದ್ದಾದರೆ ಸುಟ್ಟುಹೋಗುತ್ತದೆ.

ಇನ್ನು ವೂಫರ್ ಕಡೆಯ ಲೆಕ್ಕ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1200, 1400 ಎಂದು ಬರೆದ ವ್ಯಾಟ್ ಕ್ಷಣಮಾತ್ರದ ಗರಿಷ್ಠ. ನಮಗೆ ಬೇಕಾದದ್ದು ಒಳಗಿನ ಕಿರುಹೊತ್ತಗೆಯಲ್ಲಿ ಸಣ್ಣಕ್ಷರದಲ್ಲಿರುವ ಆರ್‌ಎಂಎಸ್ ಸಂಖ್ಯೆ, ಅಂದರೆ ಬಿಡುವಿಲ್ಲದೆ ತಾಳುವ ಶಕ್ತಿ. ಅದು ಸಾಮಾನ್ಯವಾಗಿ ದಪ್ಪಕ್ಷರದ ಸಂಖ್ಯೆಯ ಮೂರನೇ ಒಂದು, ನಾಲ್ಕನೇ ಒಂದು ಭಾಗ. ಗಾಡಿ ಬಿಚ್ಚಿ ತಂದ ವೂಫರ್‌ಗೆ ಹೊತ್ತಗೆ ಇರುವುದಿಲ್ಲ. ಮ್ಯಾಗ್ನೆಟ್ ಹಿಂದಿನ ಸ್ಟಿಕ್ಕರಿನ ಮಾಡೆಲ್ ನಂಬರ್ ಹಿಡಿದು ಹುಡುಕಬೇಕು. ಸ್ಟಿಕ್ಕರೂ ಇಲ್ಲದಿದ್ದರೆ ಆ ವೂಫರ್‌ನ ಶಕ್ತಿಯನ್ನು ಅಂದಾಜಿಗಿಂತ ಕಡಿಮೆಯೆಂದೇ ಹಿಡಿಯುವುದು ಕ್ಷೇಮ.

ಒಂದು ನಿಜವಾದ ಲೆಕ್ಕವನ್ನೇ ಮಾಡೋಣ. ನಮ್ಮ ಹುಡುಗನ ಹನ್ನೆರಡು ಇಂಚಿನ ವೂಫರ್‌ಗೆ ಒಂದೇ ಕಾಯಿಲ್, 4 ಓಮ್, 300 ವ್ಯಾಟ್ ಆರ್‌ಎಂಎಸ್ ಎನ್ನಿ. ಗೆಳೆಯ ಕೊಟ್ಟ ಹತ್ತು ಇಂಚಿನದಕ್ಕೆ ಎರಡು ಕಾಯಿಲ್, ತಲಾ 4 ಓಮ್, ತಾಳುವ ಶಕ್ತಿ 150 ವ್ಯಾಟ್. ಆಂಪ್ಲಿ ಮಾನೋ, 2 ಓಮ್‌ನಲ್ಲಿ 600 ವ್ಯಾಟ್ ಕೊಡುವಂಥದ್ದು, 2 ಓಮ್‌ಗಿಂತ ಕೆಳಗೆ ಇಳಿಸಬಾರದ್ದು.

ಅಂಗಡಿಗಳಲ್ಲಿ ಅಭ್ಯಾಸಬಲದಿಂದ ಮಾಡುವ ಕೆಲಸವೆಂದರೆ ಎಲ್ಲ ಪ್ಲಸ್ಸುಗಳನ್ನೂ ಒಟ್ಟಿಗೆ, ಎಲ್ಲ ಮೈನಸ್ಸುಗಳನ್ನೂ ಒಟ್ಟಿಗೆ ಸೇರಿಸಿ ತಿರುಚುವುದು. ಹತ್ತು ಇಂಚಿನದರ ಎರಡು ಕಾಯಿಲ್ ಹೀಗೆ ಪ್ಯಾರಲಲ್ ಆದರೆ 2 ಓಮ್. ಅದು 4 ಓಮ್‌ನ ಹನ್ನೆರಡು ಇಂಚಿನದರ ಜೊತೆ ಪ್ಯಾರಲಲ್ ಆದಾಗ ಎರಡರ ಗುಣಲಬ್ಧ 8, ಮೊತ್ತ 6, ಭಾಗಿಸಿದರೆ 1.33 ಓಮ್. ಆಂಪ್ಲಿಯ ಮಿತಿ 2. ಅಲ್ಲಿಗೆ ಮೊದಲ ತಪ್ಪಾಯಿತು. ಎರಡನೆಯದು ಇನ್ನೂ ಕೆಟ್ಟದ್ದು. ಪ್ಯಾರಲಲ್‌ನಲ್ಲಿ ಇಬ್ಬರಿಗೂ ಸಿಗುವ ವೋಲ್ಟೇಜ್ ಒಂದೇ. ಆದ್ದರಿಂದ ಓಮ್ ಕಡಿಮೆ ಇರುವವನಿಗೆ ಪವರ್ ಹೆಚ್ಚು. ಹನ್ನೆರಡು ಇಂಚಿನದಕ್ಕೆ 300 ವ್ಯಾಟ್ ಹೋಗಲು ಸುಮಾರು 34.6 ವೋಲ್ಟ್ ಬೇಕು. ಅದೇ ವೋಲ್ಟೇಜ್ 2 ಓಮ್‌ನ ಹತ್ತು ಇಂಚಿನದಕ್ಕೆ 600 ವ್ಯಾಟ್ ತುಂಬುತ್ತದೆ. ತಾಳುವುದು 150. ಹಳ್ಳಿಕಾರ್ ಎತ್ತಿನ ಜೊತೆ ಎಳೆಗರುವನ್ನು ನೊಗಕ್ಕೆ ಕಟ್ಟಿ, ಭಾರವನ್ನೆಲ್ಲ ಕರುವಿನ ಕಡೆಗೇ ವಾಲಿಸಿದ ಹಾಗಾಯಿತು.

ಈಗ ಒಂದೇ ಒಂದು ತುಂಡು ವೈರನ್ನು ಬದಲಿಸೋಣ. ಹತ್ತು ಇಂಚಿನದರ ಮೊದಲ ಕಾಯಿಲ್‌ನ ಮೈನಸ್ಸನ್ನು ಎರಡನೇ ಕಾಯಿಲ್‌ನ ಪ್ಲಸ್ಸಿಗೆ ಸೇರಿಸಿ. ಎರಡೂ ಕಾಯಿಲ್ ಸೀರೀಸ್ ಆಗಿ 8 ಓಮ್ ಆಯಿತು. ಇದನ್ನು 4 ಓಮ್‌ನ ಜೊತೆ ಪ್ಯಾರಲಲ್ ಮಾಡಿ: 32ನ್ನು 12ರಿಂದ ಭಾಗಿಸಿದರೆ 2.67 ಓಮ್. ಆಂಪ್ಲಿಯ ಮಿತಿಗಿಂತ ಮೇಲೆ, ನಿರಾಳ. ಅದೇ 34.6 ವೋಲ್ಟ್‌ನಲ್ಲಿ ಹನ್ನೆರಡು ಇಂಚಿನದಕ್ಕೆ 300 ವ್ಯಾಟ್, ಹತ್ತು ಇಂಚಿನದಕ್ಕೆ 150 ವ್ಯಾಟ್. ಇಬ್ಬರಿಗೂ ಅವರವರ ಹೊಟ್ಟೆಗೆ ತಕ್ಕಷ್ಟು. ಸಾಮಾನು ಬದಲಾಗಲಿಲ್ಲ, ಒಂದು ರೂಪಾಯಿ ಹೆಚ್ಚು ಖರ್ಚಾಗಲಿಲ್ಲ. ಎರಡು ಕಾಯಿಲ್‌ಗಳ ನಡುವೆ ಒಂದು ಗೇಣು ವೈರ್ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ನಿರ್ಧಾರವೊಂದೇ ಬದಲಾದದ್ದು.

ಎಲ್ಲ ಜೋಡಿಗಳೂ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ. ಆದರೆ ಕೂಡಿಬರುತ್ತದೋ ಇಲ್ಲವೋ ಎಂಬುದು ವೈರ್ ಸುಲಿಯುವ ಮೊದಲೇ ಹಾಳೆಯ ಮೇಲೆ ಗೊತ್ತಾಗುತ್ತದೆ. ಕೂಡದಿದ್ದರೆ ಕಟ್ಟಬಾರದು.

ಇನ್ನೊಂದು ಉಪಾಯವನ್ನೂ ಕೆಲವರು ಹೇಳುತ್ತಾರೆ: ‘ಓಮ್ ಕಡಿಮೆ ಆಯ್ತಾ, ಎರಡು ವೂಫರ್‌ನೂ ಸೀರೀಸ್ ಮಾಡಿಬಿಡಿ.’ ಆಂಪ್ಲಿಯ ಮಟ್ಟಿಗೆ ಇದು ಅಪಾಯವಲ್ಲ. ಆದರೆ ಬೇರೆ ಬೇರೆ ಜಾತಿಯ ಎರಡು ವೂಫರ್‌ಗಳನ್ನು ಸೀರೀಸ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ವೂಫರ್ ಮೇಲೆ ಬರೆದ 4 ಓಮ್ ಒಂದು ಹೆಸರಿಗಷ್ಟೆ. ಸ್ವರ ಬದಲಾದಂತೆ ಅದರ ತಡೆಯೂ ಬದಲಾಗುತ್ತಲೇ ಇರುತ್ತದೆ. ವೂಫರ್‌ನ ಶಂಕು (ಕೋನ್) ತಾನಾಗಿ ಅನುರಣಿಸುವ ಸ್ವರದಲ್ಲಿ ಅದೇ 4 ಓಮ್ ಹಲವು ಪಟ್ಟು ಏರಿರುತ್ತದೆ. ಎರಡು ವೂಫರ್‌ಗಳ ಈ ಸ್ವರ ಬೇರೆ ಬೇರೆಯಾದ್ದರಿಂದ, ಸೀರೀಸ್‌ನಲ್ಲಿ ಹಾಡಿನ ಒಂದೊಂದು ಸ್ವರಕ್ಕೂ ವೋಲ್ಟೇಜ್ ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ಜಿಗಿಯುತ್ತದೆ. ಯಾರಿಗೆ ಎಷ್ಟು ಪಾಲು ಎಂದು ಹಾಳೆಯ ಮೇಲೆ ಮಾಡಿದ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ, ಬೇಸ್ ಕೂಡ ಮುದ್ದೆಯಾಗುತ್ತದೆ. ಒಂದೇ ವೂಫರ್‌ನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡುವಾಗ ಈ ತೊಂದರೆ ಇಲ್ಲ. ಅವೆರಡೂ ಒಂದೇ ಶಂಕಿಗೆ ಅಂಟಿಕೊಂಡಿವೆ, ಒಟ್ಟಿಗೇ ಚಲಿಸುತ್ತವೆ.

ಬ್ರಿಜ್ ಮಾಡುವವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ಎರಡು ಚಾನೆಲ್‌ಗಳನ್ನು ಬ್ರಿಜ್ ಮಾಡಿದಾಗ, ಅಂದರೆ ಎರಡನ್ನೂ ಸೇರಿಸಿ ಒಂದೇ ಚಾನೆಲ್‌ನಂತೆ ಬಳಸಿದಾಗ, ಪ್ರತಿ ಚಾನೆಲ್‌ಗೂ ಹೊರಗಿನ ತಡೆಯ ಅರ್ಧ ಮಾತ್ರ ಕಾಣುತ್ತದೆ. ಮಾನೋ ಆಂಪ್ಲಿಗೆ ಸುರಕ್ಷಿತವಾಗಿದ್ದ ನಮ್ಮ 2.67 ಓಮ್ ಬ್ರಿಜ್‌ನಲ್ಲಿ ಒಂದೊಂದು ಚಾನೆಲ್‌ಗೂ 1.33. ಸಾಮಾನ್ಯ ಎರಡು, ನಾಲ್ಕು ಚಾನೆಲ್ ಆಂಪ್ಲಿಗಳ ಬ್ರಿಜ್ ಮಿತಿ 4 ಓಮ್ ಎಂದು ಮೈಮೇಲೆಯೇ ಬರೆದಿರುತ್ತದೆ. ಜನ ಅದನ್ನು ಓದುವುದಿಲ್ಲ.

ನನ್ನನ್ನು ಕೇಳಿದರೆ ಹೊಂದದ ಜೋಡಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ನಾಲ್ಕು ಚಾನೆಲ್ ಆಂಪ್ಲಿ. ಮುಂದಿನ ಎರಡು ಚಾನೆಲ್ ಬ್ರಿಜ್ ಮಾಡಿ ಹನ್ನೆರಡು ಇಂಚಿನದಕ್ಕೆ, ಹಿಂದಿನ ಎರಡು ಬ್ರಿಜ್ ಮಾಡಿ 8 ಓಮ್‌ನಲ್ಲಿರುವ ಹತ್ತು ಇಂಚಿನದಕ್ಕೆ. ಎರಡಕ್ಕೂ ಬೇರೆ ಬೇರೆ ಗೇನ್, ಬೇರೆ ಬೇರೆ ಫಿಲ್ಟರ್. ಒಂದರ ತಪ್ಪು ಇನ್ನೊಂದನ್ನು ಸುಡುವುದಿಲ್ಲ. ಜೋರಾಗಿ ಕೂಗುವವನನ್ನು ಸ್ವಲ್ಪ ತಗ್ಗಿಸಿ ಇಬ್ಬರನ್ನೂ ಸಮಕ್ಕೆ ತರಲು ಕೈಯಲ್ಲಿ ಗುಂಡಿ ಇರುತ್ತದೆ. ಒಂದೇ ಚಾನೆಲ್‌ಗೆ ಇಬ್ಬರನ್ನೂ ಕಟ್ಟಿದಾಗ ಈ ಸ್ವಾತಂತ್ರ್ಯವೇ ಇರುವುದಿಲ್ಲ.

ಮೀಟರಿನ ಮುಂದೆ

ಅಳೆಯುವ ಕೆಲಸ ಹೀಗೆ. ಮಲ್ಟಿಮೀಟರನ್ನು 200 ಓಮ್ ಶ್ರೇಣಿಗೆ ತಿರುಗಿಸಿ, ಮೊದಲು ಅದರ ಎರಡು ವೈರ್‌ಗಳ ತುದಿಗಳನ್ನೂ ಒಂದಕ್ಕೊಂದು ತಾಗಿಸಿ. ಸೊನ್ನೆ ತೋರಿಸಬೇಕು, ಆದರೆ 0.3 ಅಥವಾ 0.4 ತೋರಿಸುತ್ತದೆ. ಅದು ಮೀಟರಿನ ವೈರ್‌ಗಳದೇ ತಡೆ. ಆ ಸಂಖ್ಯೆ ಬರೆದಿಟ್ಟುಕೊಂಡು ಪ್ರತಿ ಅಳತೆಯಲ್ಲೂ ಕಳೆಯಬೇಕು. ಒಂದೆರಡು ಓಮ್‌ನ ಆಟದಲ್ಲಿ ಅಷ್ಟೂ ಮುಖ್ಯ. ಆಮೇಲೆ ವೂಫರ್‌ನ ಟರ್ಮಿನಲ್‌ಗೆ ಹಿಡಿಯಿರಿ. ಶಂಕು ಅಲುಗುತ್ತಿದ್ದರೆ ಅಂಕಿ ಕುಣಿಯುತ್ತದೆ, ನಿಲ್ಲುವವರೆಗೆ ಕಾಯಿರಿ. 4 ಓಮ್ ಎಂದು ಬರೆದ ಕಾಯಿಲ್ ಮೀಟರಿನಲ್ಲಿ 3.2ರಿಂದ 3.7ರೊಳಗೆ ಬರುತ್ತದೆ, 2 ಓಮ್‌ನದು 1.6ರಿಂದ 1.9. ಇದು ಡಿಸಿ ತಡೆ, ಬರೆದದ್ದಕ್ಕಿಂತ ಕಡಿಮೆಯೇ ಇರುತ್ತದೆ. ಗಾಬರಿ ಬೇಡ. 4 ಎಂದಿರುವುದು 2.3 ತೋರಿಸಿದರೆ ಒಳಗೆ ಸುರುಳಿಗಳು ಸುಟ್ಟು ಒಂದಕ್ಕೊಂದು ಅಂಟಿವೆ ಎಂದರ್ಥ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಎರಡು ಕಾಯಿಲ್‌ನ ವೂಫರ್ ಆದರೆ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಂದು ಸತ್ತು ಒಂದು ಬದುಕಿರುವ ವೂಫರ್‌ಗಳು ಸೆಕೆಂಡ್‌ಹ್ಯಾಂಡ್ ಸಂತೆಯಲ್ಲಿ ಬೇಕಾದಷ್ಟಿವೆ.

ಕೈಯ ಪರೀಕ್ಷೆಯೂ ಒಂದಿದೆ. ಎರಡೂ ಕೈಗಳ ಬೆರಳುಗಳನ್ನು ಶಂಕಿನ ಅಂಚಿನ ಸುತ್ತ ಸಮವಾಗಿ ಇಟ್ಟು ಮೆತ್ತಗೆ ಒಳಕ್ಕೆ ಒತ್ತಿ. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರಬೇಕು. ಮರಳು ಉಜ್ಜಿದ ಸದ್ದು ಬಂದರೆ ಕಾಯಿಲ್ ಬಿಸಿಗೆ ಉಬ್ಬಿ ಮ್ಯಾಗ್ನೆಟ್‌ನ ಸಂದಿಗೆ ತಾಗುತ್ತಿದೆ. ಚನ್ನಪಟ್ಟಣದ ರಿಪೇರಿ ಬೆಂಚೊಂದರ ಮೇಲೆ ಹೀಗೆ ಉಜ್ಜುತ್ತಿದ್ದ ವೂಫರೊಂದನ್ನು ಬಿಚ್ಚಿದ್ದನ್ನು ನೋಡಿದ್ದೇನೆ. ತಾಮ್ರದ ಬಣ್ಣವಿರಬೇಕಾದ ಸುರುಳಿ ಒಂದು ಬದಿಗೆ ಕಪ್ಪಿಟ್ಟಿತ್ತು, ಅದನ್ನು ಸುತ್ತಿದ್ದ ಕೊಳವೆ ಗುಳ್ಳೆ ಎದ್ದಿತ್ತು. ಹೊರಗಿನಿಂದ ನೋಡಿದರೆ ಶಂಕು ಫಳಫಳ ಹೊಸದರಂತಿತ್ತು.

ಪ್ಲಸ್ ಮೈನಸ್ ಸರಿಯಿದೆಯೇ ಎಂದು ನೋಡಲು 9 ವೋಲ್ಟ್‌ನ ಚೌಕ ಬ್ಯಾಟರಿ ಸಾಕು. ಬ್ಯಾಟರಿಯ ಪ್ಲಸ್ಸನ್ನು ವೂಫರ್‌ನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿದರೆ ಶಂಕು ಹೊರಕ್ಕೆ ನೆಗೆಯಬೇಕು. ಒಳಕ್ಕೆ ಹೋದರೆ ಯಾರೋ ಟರ್ಮಿನಲ್ ಅದಲುಬದಲು ಮಾಡಿದ್ದಾರೆ. ಒಂದು ಹೊರಕ್ಕೂ ಒಂದು ಒಳಕ್ಕೂ ಚಲಿಸುವಂತೆ ಎರಡು ವೂಫರ್ ಕಟ್ಟಿದರೆ ಅಕ್ಕಪಕ್ಕದ ಆ ಎರಡು ಶಂಕುಗಳು ಒಂದರ ಗಾಳಿಯನ್ನು ಇನ್ನೊಂದು ನುಂಗಿಹಾಕುತ್ತವೆ. 50 ಹರ್ಟ್ಸ್ ಸ್ವರದ ಅಲೆಯುದ್ದ ಸುಮಾರು 7 ಮೀಟರ್. ಒಂದಡಿ ದೂರದ ಎರಡು ವೂಫರ್‌ಗಳಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಬೇಸ್ ಬರುತ್ತಿಲ್ಲವೆಂದು ಹುಡುಗರು ಗೇನ್ ತಿರುಗಿಸುತ್ತಾ ಹೋಗುತ್ತಾರೆ, ಕಾಯಿಲ್ ಬೇಯುತ್ತಾ ಹೋಗುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಹತ್ತು, ಹನ್ನೆರಡು ಇಂಚಿನವಕ್ಕೆ ಒಂದೇ ಪೆಟ್ಟಿಗೆ, ನಡುವೆ ಗೋಡೆಯಿಲ್ಲದೆ ಮಾಡಿಸಲೇಬಾರದು. ದೊಡ್ಡ ಶಂಕು ಒಳಗೆ ಒತ್ತಿದ ಗಾಳಿ ಚಿಕ್ಕದನ್ನು ಹೊರಕ್ಕೆ ತಳ್ಳುತ್ತದೆ; ಚಿಕ್ಕದು ಆಂಪ್ಲಿಯ ಮಾತನ್ನೂ ಕೇಳಬೇಕು, ನೆರೆಯವನ ಒತ್ತಡವನ್ನೂ ತಡೆಯಬೇಕು. ಮುಚ್ಚಿದ ಪೆಟ್ಟಿಗೆಯಾದರೆ ಹನ್ನೆರಡು ಇಂಚಿನದಕ್ಕೆ 30 ಲೀಟರ್ ಆಸುಪಾಸು, ಹತ್ತು ಇಂಚಿನದಕ್ಕೆ 18–20 ಲೀಟರ್, ನಡುವೆ ಗಾಳಿಯಾಡದ ಗೋಡೆ. ಹಲಗೆ 18 ಮಿಲಿಮೀಟರ್ ಎಂಡಿಎಫ್ ಅಥವಾ ಒಳ್ಳೆಯ ಪ್ಲೈವುಡ್. ಚನ್ನಪಟ್ಟಣದ ಬೊಂಬೆಗೆ ಒದಗುವ ಆಲೆಮರ ಹಗುರ, ನುಣುಪು. ಕಡೆತದ ಯಂತ್ರದ ಮೇಲೆ ಬೆಣ್ಣೆ. ವೂಫರ್ ಪೆಟ್ಟಿಗೆಗೆ ಬೇಕಾದದ್ದು ಅಲುಗದ ತೂಕ, ಹಾಗಾಗಿ ಆ ಮರ ಇಲ್ಲಿಗೆ ಒಗ್ಗದು. ಆದರೆ ಅದೇ ಊರಿನ ಬಡಗಿಗಳ ಕೈಯ ಅಳತೆ ಎಂಡಿಎಫ್ ಮೇಲೂ ತಪ್ಪುವುದಿಲ್ಲ. ಅವರಿಗೆ ಲೀಟರ್ ಲೆಕ್ಕ ಕೊಟ್ಟು ಮಾಡಿಸಿದರೆ ರೆಡಿಮೇಡ್ ಡಬ್ಬಿಗಿಂತ ಎಷ್ಟೋ ಮೇಲು.

ಬೆಂಕಿಯ ಮಾತು

ವೂಫರ್ ಸುಟ್ಟರೆ ದುಡ್ಡು ಹೋಗುತ್ತದೆ. ಬ್ಯಾಟರಿ ವೈರ್ ಸುಟ್ಟರೆ ಕಾರೇ ಹೋಗುತ್ತದೆ, ಜೀವವೂ ಹೋಗಬಹುದು. ಈ ಕೆಲಸದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಸ್ಪೀಕರ್ ವೈರ್ ಅಲ್ಲ, ಬಾನೆಟ್‌ನಿಂದ ಡಿಕ್ಕಿಯವರೆಗೆ ಕಾರ್ಪೆಟ್ ಅಡಿಯಲ್ಲಿ ಸಾಗುವ ಕೆಂಪು ವೈರ್.

ಕಾರಿನ ಬ್ಯಾಟರಿ ಬರೀ 12 ವೋಲ್ಟ್. ಮುಟ್ಟಿದರೆ ಏನೂ ಆಗುವುದಿಲ್ಲ. ಅದಕ್ಕೇ ಜನ ಹಗುರವಾಗಿ ನೋಡುತ್ತಾರೆ. ಆದರೆ ಶಾರ್ಟ್ ಆದರೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಕೆಂಪು ವೈರಿನ ಹೊದಿಕೆ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಹರಿದು ಒಳಗಿನ ತಾಮ್ರ ಬಾಡಿಗೆ ತಾಗಿತೆನ್ನಿ: ಕೆಲವೇ ಕ್ಷಣಗಳಲ್ಲಿ ವೈರ್ ಕೆಂಡವಾಗಿ ಕಾರ್ಪೆಟ್ಟು, ಫೋಮು ಹೊತ್ತಿಕೊಳ್ಳುತ್ತವೆ. ಇದನ್ನು ತಡೆಯುವುದು ಒಂದೇ ಒಂದು ವಸ್ತು, ಬ್ಯಾಟರಿಯ ಪಕ್ಕದ ಫ್ಯೂಸ್. ಬ್ಯಾಟರಿಯ ಪ್ಲಸ್ಸಿನಿಂದ ಒಂದೂವರೆ ಅಡಿಯೊಳಗೆ ಇರಬೇಕು. ಆಂಪ್ಲಿಯ ಮೈಮೇಲೆಯೇ ಫ್ಯೂಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಆಂಪ್ಲಿಯನ್ನು ಕಾಯುತ್ತದೆ. ಬ್ಯಾಟರಿಗೂ ಆಂಪ್ಲಿಗೂ ನಡುವಿನ ಐದು ಮೀಟರ್ ವೈರನ್ನು ಕಾಯುವವರು ಯಾರೂ ಇಲ್ಲ.

ಫ್ಯೂಸ್ ಎಷ್ಟರದ್ದು? ನಮ್ಮ ಜೋಡಿಗೆ 300, 150 ಸೇರಿ 450 ವ್ಯಾಟ್ ಆರ್‌ಎಂಎಸ್ ಹೊರಬರಬೇಕಾದರೆ, ಕ್ಲಾಸ್ ಡಿ ಆಂಪ್ಲಿಯ ದಕ್ಷತೆ ಶೇ 80 ಎಂದು ಹಿಡಿದರೆ, ಒಳಗೆ ಹೋಗಬೇಕಾದದ್ದು ಸುಮಾರು 560 ವ್ಯಾಟ್. ಎಂಜಿನ್ ಓಡುವಾಗ 13.8 ವೋಲ್ಟ್, ಅಂದರೆ ಸುಮಾರು 41 ಆಂಪಿಯರ್. 50 ಆಂಪಿಯರ್ ಫ್ಯೂಸ್ ಸರಿ. ಫ್ಯೂಸ್ ಪದೇ ಪದೇ ಹೊಡೆಯುತ್ತದೆಂದು 100 ಆಂಪಿಯರಿನದು ಹಾಕುವುದಾಗಲೀ, ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆ ಸುತ್ತುವುದಾಗಲೀ ಕಾರಿಗೆ ಬೆಂಕಿ ಇಡುವ ಕೆಲಸ. ಫ್ಯೂಸ್ ಹೋದರೆ ಏಕೆ ಹೋಯಿತೆಂದು ಹುಡುಕಬೇಕು.

ವೈರಿನ ದಪ್ಪದಲ್ಲಿ ಮೋಸ ಬಹಳ. ಮಾರುಕಟ್ಟೆಯ ಅಗ್ಗದ ಕಿಟ್‌ಗಳಲ್ಲಿ ಬಹುಪಾಲು ಶುದ್ಧ ತಾಮ್ರವಲ್ಲ, ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗಿನ ಲೋಹ ಸಣ್ಣ. 41 ಆಂಪಿಯರ್‌ಗೆ 5 ಮೀಟರ್ ಉದ್ದದ 4 ಗೇಜ್ ತಾಮ್ರದಲ್ಲಿ ಕಳೆಯುವ ವೋಲ್ಟೇಜ್ 0.2ಕ್ಕಿಂತ ಕಡಿಮೆ. ಅದಕ್ಕಿಂತ ತೆಳುವಾದ 8 ಗೇಜ್ ತಾಮ್ರದಲ್ಲಿ 0.4 ದಾಟುತ್ತದೆ, 8 ಗೇಜ್ ಲೇಪದ ವೈರಿನಲ್ಲಿ 0.6ನ್ನೂ ದಾಟುತ್ತದೆ. ಆ ಕಳೆದುಹೋದದ್ದೆಲ್ಲ ಕಾರ್ಪೆಟ್ ಅಡಿಯಲ್ಲಿ ಶಾಖವಾಗಿ ಕೂರುತ್ತದೆ. ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯುಮಿನಿಯಂ ಇರಬಹುದು. ಮರಳಿಸಿ.

ಎಂಜಿನ್ ಕೋಣೆಯಿಂದ ಒಳಗೆ ಬರುವ ತಗಡಿನ ರಂಧ್ರಕ್ಕೆ ರಬ್ಬರ್ ಗ್ರೊಮೆಟ್ ಇಲ್ಲದೆ ವೈರ್ ತೂರಿಸಬಾರದು. ಸೀಟಿನ ಹಳಿಗಳ ಕೆಳಗೆ ಹಾಯಿಸಬಾರದು. ಸೀಟು ಹಿಂದೆಮುಂದೆ ಸರಿದಾಗಲೆಲ್ಲ ಅದು ಹೊದಿಕೆಯನ್ನು ಕತ್ತರಿಸುತ್ತದೆ. ಅರ್ತ್ ವೈರಿಗೂ ಪ್ಲಸ್ಸಿನಷ್ಟೇ ದಪ್ಪ ಬೇಕು, ಉದ್ದ ಆದಷ್ಟೂ ಗಿಡ್ಡ, ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟ್. ಸೀಟ್‌ಬೆಲ್ಟಿನ ಬೋಲ್ಟನ್ನು ಮುಟ್ಟಬೇಡಿ, ಅದಕ್ಕೆ ಬೇರೆ ಕೆಲಸವಿದೆ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಹಾಕಿ.

ಸಿಎನ್‌ಜಿ ಗಾಡಿಗಳ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ನಮ್ಮ ಟ್ಯಾಕ್ಸಿಗಳಲ್ಲಿ ಈಗ ಅವೇ ಹೆಚ್ಚಾಗುತ್ತಿವೆ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ, ಉಳಿದ ಗೇಣು ಜಾಗದಲ್ಲಿ ವೂಫರ್ ಪೆಟ್ಟಿಗೆ ತುರುಕಿ, ಆಂಪ್ಲಿಯನ್ನು ಸಿಲಿಂಡರಿನ ಸ್ಟ್ಯಾಂಡಿಗೇ ಸ್ಕ್ರೂ ಮಾಡಿದ್ದನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬಿಸಿಯಾಗುವ, ಕಿಡಿ ಹಾರಿಸಬಲ್ಲ ಯಾವುದೂ ಗ್ಯಾಸ್ ಕೊಳವೆ, ವಾಲ್ವ್‌ಗಳ ಬಳಿ ಇರಬಾರದು. ಸಿಲಿಂಡರಿನ ಸ್ಟ್ಯಾಂಡಿಗೆ ರಂಧ್ರ ಕೊರೆಯಲೇಬಾರದು. ಅಂಥ ಗಾಡಿಗೆ ಸೀಟಿನ ಕೆಳಗೆ ಕೂರುವ, ಆಂಪ್ಲಿ ಒಳಗೇ ಇರುವ ಚಪ್ಪಟೆ ವೂಫರ್ ಒಂದು ಸಾಕು. ಹೊಂದದ ಜೋಡಿಯ ಪ್ರಶ್ನೆಯೇ ಅಲ್ಲಿ ಏಳಬಾರದು.

ಗೇನ್ ಎಂಬುದು ವಾಲ್ಯೂಮ್ ಅಲ್ಲ

ಓಮ್ ಸರಿ, ವೈರ್ ಸರಿ, ಫ್ಯೂಸ್ ಸರಿ. ಆದರೂ ವೂಫರ್ ಸುಡುವುದು ಗೇನ್‌ನಿಂದ, ಅಂದರೆ ಸ್ಟೀರಿಯೋ ಕಳಿಸುವ ಸಿಗ್ನಲ್ಲಿಗೆ ಆಂಪ್ಲಿಯನ್ನು ಹೊಂದಿಸುವ ಗುಂಡಿಯಿಂದ. ಆಂಪ್ಲಿ ತನ್ನಿಂದಾಗದಷ್ಟು ಕೊಡಲು ಹೋದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕ್ಲಿಪ್ಪಿಂಗ್ ಅನ್ನುವುದು ಇದನ್ನೇ. ತಲೆ ಕತ್ತರಿಸಿದ ಅಲೆ ಕಾಯಿಲ್‌ಗೆ ತಣ್ಣಗಾಗಲು ಬಿಡುವು ಕೊಡುವುದಿಲ್ಲ.

ಗೇನ್ ಹೊಂದಿಸಲು ಕಿವಿಯನ್ನು ನೆಚ್ಚಬೇಡಿ. ವೂಫರ್ ವೈರ್‌ಗಳನ್ನು ಆಂಪ್ಲಿಯಿಂದ ಬಿಚ್ಚಿ, ಸ್ಟೀರಿಯೋದ ಬೇಸ್, ಟ್ರೆಬಲ್ ಎಲ್ಲವನ್ನೂ ಸೊನ್ನೆಗೆ ಇಟ್ಟು, ಆಂಪ್ಲಿಯ ಬೇಸ್‌ಬೂಸ್ಟನ್ನು ಪೂರ್ತಿ ಆರಿಸಿ. 50 ಹರ್ಟ್ಸ್‌ನ ಟೋನ್ ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ತನ್ನಿ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪ್ಲಿಯ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಗೇನ್ ಗುಂಡಿಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ಏರಿಸಿ. ನಮ್ಮ ಉದಾಹರಣೆಯಲ್ಲಿ 34 ವೋಲ್ಟ್ ಮುಟ್ಟುವ ಹೊತ್ತಿಗೆ ನಿಲ್ಲಬೇಕು. ಹಳೆಯ ವೂಫರ್ ಆದರೆ 30ಕ್ಕೇ ನಿಲ್ಲಿಸಿ. ಕಿವಿಗೆ ವ್ಯತ್ಯಾಸ ಬರೀ ಒಂದು ಡೆಸಿಬೆಲ್, ಗೊತ್ತೇ ಆಗುವುದಿಲ್ಲ. ಕಾಯಿಲ್‌ಗೆ ಮಾತ್ರ ಕಾಲು ಭಾಗ ಶಾಖ ಕಡಿಮೆ. ಬೇಸ್‌ಬೂಸ್ಟ್ ಗುಂಡಿಯನ್ನು ಆಮೇಲೂ ಮುಟ್ಟಬೇಡಿ. 6 ಡೆಸಿಬೆಲ್ ಬೂಸ್ಟ್ ಎಂದರೆ ಆ ಸ್ವರದಲ್ಲಿ ನಾಲ್ಕು ಪಟ್ಟು ಪವರ್. ಮೇಲೆ ಮಾಡಿದ ಲೆಕ್ಕವೆಲ್ಲ ಆ ಒಂದು ತಿರುವಿನಲ್ಲಿ ಕೊಚ್ಚಿಹೋಗುತ್ತದೆ.

ಸದ್ದು ಕಾರಿನೊಳಗೇ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಅಳತೆ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು. 50 ಹರ್ಟ್ಸ್ ಬೇಸನ್ನು ಅದು ಸುಮಾರು 30 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಹಾಗಾಗಿ ಮೀಟರಿನಲ್ಲಿ ಸಣ್ಣದಾಗಿ ಕಂಡ ಬೇಸು ಪಕ್ಕದ ಮನೆಯ ಬಾಣಂತಿಯ ಕೋಣೆಯ ಕಿಟಕಿಯನ್ನು ನಡುಗಿಸುತ್ತಿರಬಹುದು. ಗೋಡೆ, ಗಾಜು ಎತ್ತರದ ಸ್ವರಗಳನ್ನು ತಡೆಯುತ್ತವೆ, ತಗ್ಗಿನ ಸ್ವರಗಳನ್ನು ಅಷ್ಟಾಗಿ ತಡೆಯುವುದಿಲ್ಲ. ರಾಮದೇವರ ಬೆಟ್ಟದ ಬುಡದಲ್ಲಿ ಡಿಕ್ಕಿ ತೆರೆದು ಹಾಡು ಹಾಕುವವರಿಗೂ ಒಂದು ಕೋರಿಕೆ: ಅದು 2012ರಲ್ಲಿ ಘೋಷಣೆಯಾದ ರಣಹದ್ದು ಧಾಮ. ಗೂಡಿಗೆಂದು ಆ ಹಕ್ಕಿಗಳು ಆರಿಸಿಕೊಂಡ ಬಂಡೆಗಳು ಮೇಲೆಯೇ ಇವೆ.

ಓಡಿಸುವವರ ಕಿವಿಯೂ ಒಂದಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ ಕಾಲು ಗಂಟೆ. ಮಾಗಡಿಯಿಂದ ಬೆಂಗಳೂರು ತಲುಪುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಆಂಬುಲೆನ್ಸ್ ಸೈರನ್ ಕೇಳಿಸುವಷ್ಟಾದರೂ ಜಾಗ ಹಾಡಿನ ನಡುವೆ ಇರಲಿ.

ಎಲ್ಲ ಕಟ್ಟಿ ಮುಗಿದ ಮೇಲೆ ಮೊದಲ ದಿನ ಒಂದು ಗಂಟೆ ಸಾಧಾರಣ ವಾಲ್ಯೂಮಿನಲ್ಲಿ ಓಡಿಸಿ, ಗಾಡಿ ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿ. ಆಂಪ್ಲಿಯ ಮೈ ಬೆಚ್ಚಗಿರಬೇಕು, ಕೈ ಇಡಲಾಗದಷ್ಟು ಸುಡಬಾರದು. ಫ್ಯೂಸ್ ಗೂಡು, ಅರ್ತ್ ಬೋಲ್ಟು, ಸ್ಪೀಕರ್ ಟರ್ಮಿನಲ್ ಮೂರೂ ತಣ್ಣಗಿರಬೇಕು. ಯಾವುದಾದರೂ ಬಿಸಿಯಿದ್ದರೆ ಅಲ್ಲಿ ಜೋಡಣೆ ಸಡಿಲ, ಬಿಚ್ಚಿ ಮತ್ತೆ ಬಿಗಿಯಬೇಕು. ವಾರದ ನಂತರ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿಮಾಡಿ. ಹೊಸ ತಾಮ್ರ ಟರ್ಮಿನಲ್ ಅಡಿಯಲ್ಲಿ ಒತ್ತಿಕೊಂಡು ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ಎರಡೂ ವೂಫರ್‌ಗಳ ಓಮ್ ಆಗ ಮತ್ತೊಮ್ಮೆ ಅಳೆದು, ಮೊದಲ ದಿನ ಹಾಳೆಯಲ್ಲಿ ಬರೆದ ಅಂಕಿಯ ಪಕ್ಕದಲ್ಲೇ ಬರೆದಿಡಿ. ಮುಂದೆ ಎಂದಾದರೂ ಸದ್ದು ಬದಲಾದರೆ ಮೊದಲು ತೆಗೆಯಬೇಕಾದದ್ದು ಆ ಹಾಳೆ, ಆಮೇಲೆ ಸ್ಕ್ರೂಡ್ರೈವರ್.